ಗುಲಾಮ್ ಹುಸೇನರ ಕೆಂಪು ಕಾಂಟೆಸ್ಸಾ

ಕಾರನ್ನು ಅಷ್ಟು ಚೆನ್ನಾಗಿ ಪಾಲಿಶ್ ಮಾಡಬಾರದಿತ್ತು. ‘ಹಳೇ ಸ್ಪೋರ್ಟಿ ಸಲೂನ್, ಹೊಸದರಂತೆ ಮಾಡಿದ್ದು, ಮಾರಾಟಕ್ಕಿದೆ’ ಎಂದು ಗುಲಾಮ್ ಹುಸೇನರು ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೋದಲ್ಲಿ ಅವರ ಕೆಂಪು ಕಾಂಟೆಸ್ಸಾದ ಬಾಗಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಕನ್ನಡಿಯೊಳಗೆ, ಬನಿಯನ್ ತೊಟ್ಟು, ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಮೊಬೈಲ್ ಹಿಡಿದು ಕುಕ್ಕರಗಾಲಲ್ಲಿ ಕೂತ ಗುಲಾಮ್ ಹುಸೇನರೇ ಇದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಅವರ ಮೊಣಕಾಲು ನೋಡಿತು. ಲುಂಗಿ ಸೇರಿ ರೇಟಾ, ಬೇರೆಯಾ ಎಂದು ಒಬ್ಬರು ಕೇಳಿದರು. ಸಲೂನ್ ಅಂದಮೇಲೆ ಕುರ್ಚಿ, ಕತ್ತರಿ ಜೊತೆಗೇ ಕೊಡ್ತೀರಾ ಎಂದು ಇನ್ನೊಬ್ಬರು.

“ಅಬ್ಬಾ, ಅದನ್ನ ಡಿಲೀಟ್ ಮಾಡಿ,” ಎಂದಳು ಮಗಳು ಜಾಸ್ಮಿನ್.

“ಇರ್ಲಿ ಬಿಡು. ತಗೊಳ್ಳೋನು ಗಾಡಿ ನೋಡ್ತಾನೆ, ನನ್ ಕಾಲನ್ನಲ್ಲ.”

ಗುಲಾಮ್ ಹುಸೇನರದು ಕೊಪ್ಪ ಬಸ್‌ಸ್ಟ್ಯಾಂಡ್ ಹತ್ತಿರ ಹಾಸಿಗೆ ಅಂಗಡಿ. ಊರಿನ ಅರ್ಧ ಮದುವೆಗಳು ಅವರ ಹತ್ತಿಯ ಮೇಲೇ ನಿಂತಿವೆ; ಮಲಗಿವೆ ಎಂದರೂ ಸರಿ. ಕೆಲವು ವರ್ಷಗಳ ಹಿಂದೆ ಗುಜರಿ ಪಾಲಾಗಲಿದ್ದ ಈ ಕಾರನ್ನು ಕಂಡು ಮರುಳಾದರು. ಕಾರು ಬಂದ ಮೇಲೆ ಕಾರುಬಾರು ಕೇಳಬೇಕೆ? ಎಂಜಿನ್‌ಗೆ ಒಬ್ಬ, ಬಣ್ಣಕ್ಕೆ ಒಬ್ಬ ಎಂದು ಜನ ಹಿಡಿದರೂ ಸೀಟುಗಳನ್ನು ಮಾತ್ರ ಬೇರೆಯವರಿಗೆ ಮುಟ್ಟಗೊಡಲಿಲ್ಲ. ಬೂರುಗದ ಹತ್ತಿ ತುಂಬಿ ತಾವೇ ಹೊಲಿದರು. ಅದರಲ್ಲಿ ಕೂತವರು ಮೊದಲು ಮುಳುಗುತ್ತಾರೆ, ಆಮೇಲೆ ಆಕಳಿಸುತ್ತಾರೆ.

ಈಗ ಅದನ್ನು ಮಾರಲೇಬೇಕಿತ್ತು. ಕಾರು ನಿಂತ ಶೆಡ್ಡಿನಲ್ಲಿ ಜಾಸ್ಮಿನ್ ಟೈಲರಿಂಗ್ ಕ್ಲಾಸ್ ತೆರೆಯುವವಳಿದ್ದಳು. ಹೊಲಿಗೆ ಮಿಷನ್‌ಗಳು ಸೋಮವಾರ ಬರುತ್ತಿದ್ದವು. ಹೆಂಡತಿ ಮೆಹರ್ ಬಾನು ತೀರ್ಪು ಕೊಟ್ಟಾಗಿತ್ತು: “ಅಷ್ಟರೊಳಗೆ ಗಾಡಿ ಹೋಗ್ಲಿಲ್ಲ ಅಂದ್ರೆ ನೀವೂ ಅದ್ರ ಜೊತೆ ರೋಡಲ್ಲೇ ಮಲಗಿ. ಹೆಂಗೂ ಒಳಗೆ ಹಾಸಿಗೆ ಇದೆಯಲ್ಲ.”

ಭಾನುವಾರ ನರಸಿಂಹರಾಜಪುರದಿಂದ ಈಶಾನ ಎಂಬ ಹಲ್ಲಿನ ಡಾಕ್ಟರು ಬಂದರು. ಬಾನೆಟ್ಟಿನ ಬಾಯಿ ತೆರೆಸಿ, ಟಾರ್ಚ್ ಬಿಟ್ಟು, ಅಲ್ಲಲ್ಲಿ ಕುಟ್ಟಿ ನೋಡಿ, “ಹುಳುಕಿಲ್ಲ,” ಎಂದರು. “ಆದ್ರೆ ನಂಗೆ ಬೇಕಾದ್ದು ಓಟ. ಸ್ಪೀಡ್ ನೋಡ್ದೆ ತಗೊಳ್ಳಲ್ಲ.”

ಬಾಳಗಡಿವರೆಗೆ ಓಡಿಸಿ ನೋಡುವುದೆಂದಾಯಿತು. ಪಕ್ಕದ ಮನೆಯ ನನ್ನನ್ನು ಸಾಕ್ಷಿಗಿರಲಿ ಎಂದು ಹಿಂದೆ ಹತ್ತಿಸಿದರು. ಡಾಕ್ಟರು ಸ್ಟೀರಿಂಗ್ ಹಿಡಿದು, ಸೀಟಿನಲ್ಲಿ ಮುಳುಗಿ, ಮತ್ತೆ ತೇಲಿ, ಕತ್ತು ಉದ್ದ ಮಾಡಿ ರಸ್ತೆಯನ್ನು ಹುಡುಕಿಕೊಂಡರು.

ಆದರೆ ಖಾಲಿ ಸೀಟು ಇಟ್ಟುಕೊಂಡು ಬಸ್‌ಸ್ಟಾಪ್ ದಾಟುವುದು ನಮ್ಮ ಕಡೆ ಮರ್ಯಾದಸ್ಥರ ಲಕ್ಷಣವಲ್ಲ. ಹಾಗೆ ದಾಟಿದವರ ಹೆಸರು ಮೂರು ತಲೆಮಾರು ಉಳಿಯುತ್ತದೆ, ಕೆಟ್ಟದಾಗಿ.

“ಒಂಚೂರು ನಿಲ್ಸಿ,” ಎಂದರು ಗುಲಾಮ್ ಹುಸೇನರು. ಮೆಣಸೆಯ ಅಡಿಕೆ ಕೃಷಿಕ ವಾಸಪ್ಪ ಬಗಲಲ್ಲಿ ಒಂದು ಕೋಳಿಯೊಂದಿಗೆ ಹತ್ತಿದರು. ಅವರ ಹಿಂದೆ ಮಗಳ ಮನೆಗೆ ಹೊರಟ ಸರೋಜಮ್ಮ, ಮಡಿಲಲ್ಲಿ ಮೊಸರಿನ ಪಾತ್ರೆ. ಅದಕ್ಕೆ ಮುಚ್ಚಳದ ಬದಲು ಬಾಳೆಲೆ.

“ಎಲ್ಲಿಗೆ ಹೊರಟದ್ದು?” ವಾಸಪ್ಪ ಕೇಳಿದರು.

“ಟೆಸ್ಟ್ ಡ್ರೈವ್,” ಎಂದರು ಡಾಕ್ಟರು.

“ಅದು ಮೆಣಸೆಯಿಂದ ಆಚೆಗಾ, ಈಚೆಗಾ?”

ಬಾಳಗಡಿ ಬಂತು, ಹೋಯಿತು; ಹತ್ತಿಸಿಕೊಂಡವರನ್ನು ಮೆಣಸೆವರೆಗೆ ಬಿಡಲೇಬೇಕಲ್ಲ. ನೇರ ರಸ್ತೆ ಕಂಡು ಡಾಕ್ಟರು ಎಕ್ಸಿಲರೇಟರ್ ಒತ್ತಿದರು.

“ಮಾಣಿ, ಮೊಸರು,” ಎಂದರು ಸರೋಜಮ್ಮ.

ಡಾಕ್ಟರು ಕಾಲು ತೆಗೆದರು. ಮತ್ತೊಂದು ನೇರ ರಸ್ತೆ ಸಿಕ್ಕಿತು. ಈ ಸಲ ಕೋಳಿ ಆಕ್ಷೇಪಿಸಿತು.

“ಡಾಕ್ಟ್ರೇ, ಹಲ್ಲು ಕೀಳೋದೂ ಹಿಂಗೇ ಎಳ್ದು ಎಳ್ದು ಬಿಡೋದಾ ನೀವು?” ಎಂದು ಕೇಳಿದ ವಾಸಪ್ಪ ಉತ್ತರಕ್ಕೆ ಕಾಯದೆ ನಿದ್ದೆ ಹೋದರು. ಸೀಟಿನ ಗುಣ. ಎದುರಿನಿಂದ ಬಂದ ಹಾಲಿನ ಆಟೋವೊಂದು ನಮ್ಮನ್ನು ಮರುಕದಿಂದ ನೋಡಿ ದಾರಿ ಬಿಟ್ಟಿತು. ಹಿಂದಿನಿಂದ ಬಂದ ಸ್ಕೂಟಿಯೊಂದು ಹಿಂದಿಕ್ಕಿ ಹೋಯಿತು.

ಮೆಣಸೆಯಲ್ಲಿ ಎಲ್ಲರೂ ಇಳಿದೆವು. ಗುಲಾಮ್ ಹುಸೇನರ ಮುಖ ಸಪ್ಪಗಾಗಿತ್ತು. ಸೋಮವಾರಕ್ಕೆ ಒಂದೇ ರಾತ್ರಿ ಉಳಿದಿತ್ತು. ಡಾಕ್ಟರು ಕಾರಿನ ಸುತ್ತ ಒಂದು ಬಾರಿ ಬಂದು, ಹೊಳೆಯುವ ಬಾಗಿಲಿನಲ್ಲಿ ತಮ್ಮ ಕ್ರಾಪ್ ನೋಡಿಕೊಂಡರು. ಮನಸ್ಸು ಸೋತಿದ್ದು ನಮಗೆಲ್ಲ ಕಂಡಿತು.

“ಗಾಡಿ ಚೆಂದ ಇದೆ. ಇವತ್ತೇ ತಗೊಂಡು ಹೋಗ್ತೀನಿ. ಆದ್ರೆ ಓಟ ನೋಡಕ್ಕೆ ಆಗ್ಲಿಲ್ಲವಲ್ಲ, ಅದೊಂದು ನೀವೇ ಹೇಳಿ. ನಿಮ್ ಕೈಗೆ ಬಂದ್ಮೇಲೆ ಜಾಸ್ತಿ ಅಂದ್ರೆ ಎಷ್ಟು ಸ್ಪೀಡಲ್ಲಿ ಹೋಗಿದೆ ಇದು?”

ವಾಸಪ್ಪ ಡಾಕ್ಟರ ಬೆನ್ನ ಹಿಂದೆ ನಿಂತು ಎರಡೂ ಕೈಯ ಬೆರಳು ಬಿಡಿಸಿ, ನೂರು ಎನ್ನು ಮಾರಾಯ ಎಂದು ಸನ್ನೆ ಮಾಡಿದರು. ಗುಲಾಮ್ ಹುಸೇನರು ಅದನ್ನು ನೋಡಿದರು, ಸ್ವಲ್ಪ ಯೋಚಿಸಿದರು.

“ಎಂಬತ್ತು ದಾಟಿದೆ.”

“ಭಲೇ. ಎಲ್ಲಿ?”

“ತರೀಕೆರೆ ರೋಡಲ್ಲಿ,” ಎಂದರು ಗುಲಾಮ್ ಹುಸೇನರು. “ಲಾರಿ ಮೇಲೆ ಕಟ್ಕೊಂಡು ತರ್ತಿದ್ವಿ.”