ಏಳನೇ ಕೊಳವೆಯ ಮೇಲೆ ಕೂತ ಕಾಕಂಬಿ ಅಕ್ಕ

ಈ ಬೀದಿಯ ನೆಲದಡಿ ದುಡಿಯುವ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ನಾನು ಒಂದೊಂದಾಗಿ ಮುಖ ನೋಡಿ ಗುರುತು ಹಿಡಿಯಬಲ್ಲೆ. ನಗುವವರು ನಗಲಿ. ಮೂರು ವರ್ಷದಿಂದ ಅವಕ್ಕೆ ಊಟ ಹಾಕುತ್ತಿರುವ ಕಾಕಂಬಿ ಅಕ್ಕನೇ ನಗುತ್ತಾರೆ. "ನನಗೇ ಕಾಣ್ಸಲ್ಲ, ನಿಮಗೆ ಮುಖ ಬೇರೆ ಕಾಣ್ಸುತ್ತಾ?"

ಬೆಳಗಿನ ಐದೂವರೆ. ಬೀಗ ಬಿದ್ದ ಬೋಲ್ಟ್ ಕಾರ್ಖಾನೆಯ ಹಿತ್ತಲು. ಐವತ್ತನಾಲ್ಕರ ಅಕ್ಕ ಮಂಡಿಯೂರಿ ಡ್ರಮ್ಮಿನಲ್ಲಿ ಕಾಕಂಬಿ ಕಲಸುತ್ತಿದ್ದಾರೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕದ ವಾಸನೆಗೆ ಏಳು ಊರಿನ ನೊಣಗಳು ಬಂದು ಸರದಿಯಲ್ಲಿ ನಿಲ್ಲುತ್ತವೆ. ಅಕ್ಕನ ಕೈ ಮಾತ್ರ ಗಡಿಯಾರದ ಮುಳ್ಳಿಗಿಂತ ನಿಧಾನ. ಒಂದು ಗುಳ್ಳೆಯೂ ಏಳಬಾರದು. "ಗಾಳಿ ಸೋಕಿದ್ರೆ ಸತ್ತೇ ಹೋಗ್ತವೆ. ಕತ್ತಲಲ್ಲೇ ಹುಟ್ಟಿ ಕತ್ತಲಲ್ಲೇ ಉಣ್ಣೋ ಜನ."

ಹತ್ತೊಂಬತ್ತು ವರ್ಷ ಅಕ್ಕ ಇದೇ ಕಾರ್ಖಾನೆಯಲ್ಲಿ ಬೋಲ್ಟುಗಳ ಜಿಡ್ಡು ತೊಳೆದವರು. ತೊಳೆದುಳಿದ ದ್ರಾವಕವನ್ನು ಮೇಸ್ತ್ರಿ ಹೇಳಿದಂತೆ ಹಿತ್ತಲ ಗುಂಡಿಗೆ ಸುರಿದರು. ಅದು ನೆಲಕ್ಕಿಳಿದು ಬೀದಿಯ ಬಾವಿಗಳನ್ನೆಲ್ಲ ಕೆಡಿಸಿತು. ಅಕ್ಕನ ತಂಗಿ ಮನೆಯ ಬಾವಿಗೂ ಹಲಗೆ ಬಡಿದಾಗಿದೆ. "ಸುರಿ ಅಂದೋರು ಓಡಿಹೋದ್ರು. ಸುರಿದ ಕೈ ಇದೇ. ನಾನೂ ಓಡಿದ್ರೆ ತಂಗಿಗೆ ಯಾವ ಮುಖ ತೋರಿಸ್ಲಿ?"

ಪ್ರಯೋಗಾಲಯದವರು ಬಂದು ಹಿತ್ತಲಲ್ಲಿ ಹನ್ನೊಂದು ಕೊಳವೆ ಇಳಿಸಿ, ವಿಷ ಮುರಿಯುವ ಬ್ಯಾಕ್ಟೀರಿಯಾ ಬಿಟ್ಟರು. ಉಣಿಸುವ ಕೆಲಸ ಯಾರಿಗೆ ಎಂದಾಗ ಕೈ ಎತ್ತಿದ್ದು ಅಕ್ಕ ಒಬ್ಬರೇ. ದಿನಕ್ಕೆ ಹನ್ನೊಂದು ಕೊಳವೆ, ಒಂದೊಂದಕ್ಕೆ ಎರಡು ಬಕೆಟ್, ವಾರಕ್ಕೊಮ್ಮೆ ನೀರಿನ ಮಾದರಿ. ರಜೆ ಇಲ್ಲವೇ ಎಂದು ಕೇಳಿದರೆ, "ಹೊಟ್ಟೆಗೆ ರಜ ಉಂಟಾ?" ಎನ್ನುತ್ತಾರೆ.

ಕಳೆದ ವರ್ಷ ಅಕ್ಕನಿಂದಲೇ ಒಂದು ಎಡವಟ್ಟಾಯಿತು. ಕಾಕಂಬಿ ಮೆತ್ತಿದ ಪೈಪನ್ನು ಚೊಕ್ಕಟವಾಗಿರಲಿ ಎಂದು ನಲ್ಲಿ ನೀರಿನಲ್ಲಿ ತೊಳೆದು, ಆ ನೀರನ್ನು ಏಳನೇ ಕೊಳವೆಗೇ ಬಿಟ್ಟರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ಲ! ಬ್ಯಾಕ್ಟೀರಿಯಾಗಳ ಅರ್ಧಕ್ಕರ್ಧ ಸಂಸಾರ ಸತ್ತುಹೋಯಿತು. ಈ ವಿಷ ಹಂತ ಹಂತವಾಗಿ ಮುರಿಯುವಂಥದ್ದು. ನಡುವಿನ ಒಂದು ಹಂತದಲ್ಲಿ ಮೊದಲಿಗಿಂತಲೂ ಕೆಟ್ಟದಾಗುತ್ತದೆ. ಕೊನೆಯ ತುತ್ತು ತಿನ್ನುವವೇ ಇಲ್ಲದೆ ಏಳನೆಯದು ಆ ಕೆಟ್ಟ ಹಂತದಲ್ಲೇ ನಿಂತಿತು. ಅಷ್ಟು ಸಾಕಾಯಿತು ಜಾಗದ ಈಗಿನ ಮಾಲೀಕನಿಗೆ. "ವಿಷ ಹೆಚ್ಚಾಗಿದೆ, ಕೊಳವೆ ಮುಚ್ಚಿ, ಗೋದಾಮು ಕಟ್ತೀನಿ" ಎಂದು ಕಾಂಕ್ರೀಟ್ ಲಾರಿ ಕರೆಸಿದ.

ಅಕ್ಕ ಸ್ಟೂಲು ತಂದು ಏಳನೇ ಕೊಳವೆಯ ಮುಚ್ಚಳದ ಮೇಲೆ ಹಾಕಿ ಕೂತರು.

"ಏಳಮ್ಮಾ, ಕೆಲ್ಸ ಆಗ್ಬೇಕು," ಎಂದ ಲಾರಿಯ ಜೊತೆ ಬಂದ ಎಂಜಿನಿಯರ್.

"ನನ್ನ ಕೆಲ್ಸಾನೂ ಆಗಿಲ್ಲ. ತಪ್ಪು ನಂದು, ಬೈಯಿ, ಕೇಳ್ತೀನಿ. ಆದ್ರೆ ಕಾಂಕ್ರೀಟ್ ಸುರಿದ್ರೆ ವಿಷ ಸಾಯಲ್ಲ ಮಗಾ, ಕಾಣಲ್ಲ ಅಷ್ಟೆ. ಮುಚ್ಚೋದಾದ್ರೆ ನನ್ನನ್ನೂ ಸೇರಿಸಿ ಮುಚ್ಚು."

ಆಗ ಅಕ್ಕನ ಪಕ್ಕದಲ್ಲಿ ಎದೆಯೊಡ್ಡಿ ನಿಂತವನು ನಾನು. ನನ್ನ ಒಂದು ಗುಡುಗಿಗೆ ಲಾರಿಯ ಎಂಟು ಚಕ್ರಗಳೂ ಒಟ್ಟಿಗೇ ಹಿಮ್ಮುಖವಾಗಿ ಉರುಳಿದವು. ಮಾಲೀಕ ಅಕ್ಕನಿಗೆ ಈ ವರ್ಷದ ಕೊನೆಯವರೆಗೆ ಗಡುವು ಕೊಟ್ಟ. ಈಗ ಹನ್ನೊಂದೂ ಕೊಳವೆಗಳಲ್ಲಿ ತೀರ್ಥದಂಥ ನೀರು.

ಇಷ್ಟು ಬರೆದು ಅಕ್ಕನಿಗೆ ಓದಿ ಹೇಳುತ್ತೇನೆ. ಅವರು ಬಕೆಟ್ ಕೆಳಗಿಡುತ್ತಾರೆ.

"ಹನ್ನೊಂದಲ್ಲ, ಎಂಟು. ಏಳನೇದು ಈಗಷ್ಟೇ ಚೇತರಿಸ್ಕೊಳ್ತಾ ಇದೆ. ಸುಳ್ಳು ಬರೆದು ಮಾಲೀಕನ ಕೈಗೆ ಕೋಲು ಕೊಡ್ಬೇಡಿ. ಅದಿರ್ಲಿ, ಲಾರಿ ಬಂದ ದಿನ ನೀವೆಲ್ಲಿದ್ರಿ?"

ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಲ್ಲಿ ನಾನಿರಲಿಲ್ಲ. ಮನೆಯಲ್ಲಿ ಪೇಪರ್ ಓದುತ್ತಿದ್ದೆ. ಅಕ್ಕನ ಹೆಸರು ಕೇಳಿದ್ದೇ ಒಂದು ತಿಂಗಳ ನಂತರ. ಆ ದಿನ ಬೀದಿಯಿಂದ ಒಬ್ಬರೂ ಬಂದಿರಲಿಲ್ಲ. ಲಾರಿ ಹಿಂದಿರುಗುವವರೆಗೆ ನಾಲ್ಕು ಗಂಟೆ ಹೊತ್ತು ಸ್ಟೂಲಿನ ಮೇಲೆ ಕೂತಿದ್ದವರು ಅಕ್ಕ ಒಬ್ಬರೇ.

"ಹಾಗೇ ಬರೀರಿ," ಎನ್ನುತ್ತಾರೆ ಅಕ್ಕ.