ಒಂದೇ ಕೋಟಿನ ಸುಣ್ಣ

ಹುತ್ತೂರಿನ ಶಾಲೆಯಲ್ಲಿ ಹದಿನಾರು ವರ್ಷದಿಂದ ಬಿಸಿಯೂಟ ಬೇಯಿಸುತ್ತಿರುವ ಗಂಗಾಲಕ್ಷ್ಮಿ ಯಾರಿಗೂ ಜಗ್ಗುವ ಹೆಂಗಸಲ್ಲ. ಸಾರಿಗೆ ಉಪ್ಪು ಕಮ್ಮಿ ಅನ್ನಲು ಹೆಡ್‌ಮಾಸ್ಟರೂ ಹಿಂದೆಮುಂದೆ ನೋಡುತ್ತಾರೆ. ಅಂಥವಳು ವಿಮೆ ಕಂಪನಿಯ ಕಾಗದ ಬಂದ ಮೇಲೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಸೋಮವಾರ ಕೋಲಾರದ ಕಚೇರಿಗೆ ಬಂದು ಸಾಹೇಬರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂದಿತ್ತು ಅದರಲ್ಲಿ.

ಎಡವಟ್ಟು ಅವಳದೇ. ಹಿಂದಿನ ವಾರ ಬುಧವಾರ ಫ್ರಿಜ್ಜಿನ ವೈರು ಹೊತ್ತಿಕೊಂಡು ಅಡುಗೆಮನೆ ಸುಟ್ಟಿತ್ತು, ನಡುಮನೆಯ ಗೋಡೆಗಳೆಲ್ಲ ಕರಿ ಹಿಡಿದಿದ್ದವು. ಶುಕ್ರವಾರ ಬಂದೇಬಿಟ್ಟಿತು. ಮಸಿ ಹಿಡಿದ ಮನೆಯಲ್ಲಿ ಲಕ್ಷ್ಮಿಗೆ ದೀಪ ಹಚ್ಚುವುದುಂಟೆ? ಕರೆದದ್ದೇ ತಡ, ಪಕ್ಕದ ಮನೆ ಶ್ಯಾಮಲಮ್ಮ ಬಕೆಟ್ಟಿನಲ್ಲಿ ಸುಣ್ಣ ಕಲಸಿ ತಂದಳು. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಬಳಿದರು. ಸುಟ್ಟ ಫ್ರಿಜ್ಜು, ಕಪಾಟು ಗುಜರಿಗೆ ಹೋದವು. ಶನಿವಾರ ನಷ್ಟ ನೋಡಲು ಬಂದ ಕಂಪನಿಯವನ ಕಣ್ಣಿಗೆ ಬಿದ್ದದ್ದು ಮದುವೆಮನೆಯಂಥ ಬಿಳಿ ಗೋಡೆ. ಬೆಂಕಿ ಎಲ್ಲಿ ಬಿದ್ದಿತ್ತಮ್ಮಾ ಎಂದು ಕೇಳಿ, ಬೆಂಕಿಯ ಮಾತೇ ಸುಳ್ಳು ಎಂಬಂತೆ ಏನೋ ಗೀಚಿಕೊಂಡು ಹೋದ. ವಿಮೆ ಹಣ ಬಾರದಿದ್ದರೆ ಹಿತ್ತಲಿನ ಮೂರು ಕಲ್ಲಿನ ಒಲೆಯೇ ಗತಿ. ಅದಕ್ಕಿಂತ ಅವಳನ್ನು ಸುಟ್ಟದ್ದು ಸುಳ್ಳಿ ಎಂಬ ಹೆಸರು.

ಮಾಲೂರಿನಿಂದ ಬಂದ ತಮ್ಮ ನರಸಿಂಹಪ್ಪ ಉಪಾಯ ಹೇಳಿಕೊಟ್ಟ. ನಾನು ಆಸ್ಪತ್ರೆಯಲ್ಲಿದ್ದೆ, ನನಗೆ ತಿಳಿಯದಂತೆ ಶ್ಯಾಮಲಮ್ಮನೇ ಎಲ್ಲ ಬಳಿದು ಕೂತಳು ಅಂದರಾಯಿತು. ಅಭ್ಯಾಸಕ್ಕೆಂದು ಮಗಳು ಶ್ವೇತ ಸಾಹೇಬರಂತೆ ಕುರ್ಚಿಯಲ್ಲಿ ಕೂತು ಪ್ರಶ್ನೆ ಹಾಕಿದಳು. ಮೂರು ಸಲವೂ ಗಂಗಾಲಕ್ಷ್ಮಿಯ ನಾಲಿಗೆ ಶ್ಯಾಮಲಮ್ಮನ ಹೆಸರಿಗೆ ಬಂದು ನಿಂತುಬಿಟ್ಟಿತು. ಬೆಂಕಿ ಬಿದ್ದ ದಿನ ಎಲ್ಲರಿಗಿಂತ ಮೊದಲು ನೀರಿನ ಬಿಂದಿಗೆ ಹಿಡಿದು ನುಗ್ಗಿದವಳು ಅವಳು. ನಾಲ್ಕನೆಯ ಸಲಕ್ಕೆ ಗಂಗಾಲಕ್ಷ್ಮಿಗೆ ಸಿಟ್ಟು ನೆತ್ತಿಗೇರಿತು.

“ಲೇ ನರಸಿಂಹ, ನನ್ ಮನೆ ಉಳೀಲಿ ಅಂತ ಅವಳ ಮಾನ ಕಳೀಲೇನೋ? ಆಗಲ್ಲ ಕಣೋ.”

ಎದ್ದವಳೇ ದೋಸೆ ಮಗುಚುವ ಸಟ್ಟುಗ ತಂದು ಗೋಡೆ ಕೆರೆದಳು. ಒಂದೇ ಕೋಟಿನ ಸುಣ್ಣ, ಹಕ್ಕಳೆಯಾಗಿ ಉದುರಿತು. ಒಳಗೆ ಮಸಿ ಹಾಗೇ ಇತ್ತು. ಶ್ವೇತ ಫೋಟೊ ತೆಗೆದಳು. ಗುಜರಿಯವನಿಗೆ ಫೋನ್ ಮಾಡಿದರೆ, ಸುಟ್ಟ ಫ್ರಿಜ್ಜು ಇನ್ನೂ ಅವನ ಅಂಗಳದಲ್ಲೇ ಬಿದ್ದಿತ್ತು. ಆಮೇಲೆ ಅಭ್ಯಾಸ ಬೇಕಾಗಲಿಲ್ಲ.

ಸೋಮವಾರ ಸಾಹೇಬರು ಮೊದಲು ಕೇಳಿದ್ದೇ ಗೋಡೆಯ ವಿಷಯ.

“ಬಳಿದೋಳು ನಾನೇ ಸಾರ್. ಪಕ್ಕದ ಮನೆ ಶ್ಯಾಮಲಮ್ಮ ಕೈ ಜೋಡಿಸಿದ್ಲು, ನಾನು ಕರೆದಿದ್ಕೆ. ನೀವು ನೋಡೋವರ್ಗೂ ಮುಟ್ಟಬಾರ್ದು ಅಂತ ಗೊತ್ತಿರ್ಲಿಲ್ಲ, ಅದು ನನ್ ತಪ್ಪು. ಬೆಂಕಿ ಬಿದ್ದಿದ್ದು ಮಾತ್ರ ಸುಳ್ಳಲ್ಲ. ಬನ್ನಿ, ನಿಮ್ ಮುಂದೇನೇ ಕೆರೀತೀನಿ.”

ಹೀಗೆ ಬರೆದುಕೊಟ್ಟರೆ ಕ್ಲೇಮು ಬಿದ್ದುಹೋಗಲೂಬಹುದು, ಯೋಚಿಸಿ ಎಂದರು ಸಾಹೇಬರು. ಅವಳು ಪೆನ್ನು ತೆಗೆದುಕೊಂಡು ಹೇಳಿಕೆಯ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಅವರು ಫೋಟೊಗಳನ್ನು ಇನ್ನೊಮ್ಮೆ ನೋಡಿ, ಮರುಪರಿಶೀಲನೆಗೆ ಜನ ಕಳಿಸುವುದಾಗಿ ಹೇಳಿದರು. ಹಣದ ಮಾತು ಆಮೇಲೆ ಎಂದರು.

ಬಸ್ ನಿಲ್ದಾಣಕ್ಕೆ ಬಂದವಳು ಶ್ಯಾಮಲಮ್ಮನಿಗೆ ಫೋನ್ ಮಾಡಿದಳು. ನಿನ್ನ ಹೆಸರೂ ಹೇಳಬೇಕಾಯಿತು, ಬೇಜಾರು ಮಾಡ್ಕೋಬೇಡ ಎಂದಳು.

“ಒಬ್ಳೇ ಯಾಕೆ ಹೋದೆ? ನಾನೂ ಬಂದು ಹೇಳ್ತಿದ್ದೆ. ಅರ್ಧ ಗೋಡೆ ಬಳಿದಿದ್ದು ನಾನಲ್ವಾ?”

ಮನೆ ಸುಟ್ಟ ದಿನವೂ ಅಳದಿದ್ದ ಗಂಗಾಲಕ್ಷ್ಮಿ, ಅಷ್ಟು ಜನರ ನಡುವೆ ನಿಂತು ಅತ್ತುಬಿಟ್ಟಳು.