ಹೊತ್ತೇನ್ರಿ, ಅಕ್ಕೋರ

ಅಕ್ಕೋರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಷ್ಟು ತಗ್ಗಾಗಿತ್ತು. ಹಾರ್ಮೋನಿಯಂ ಪೆಟ್ಟಿಗೆಯ ಪಟ್ಟಿಯನ್ನು ಆ ಭುಜಕ್ಕೆ ಹಾಕಿಕೊಂಡು ಮನೆಮನೆಯ ಪ್ರಾರ್ಥನೆಗೆ ನಡೆದೂ ನಡೆದೂ ಹಾಗಾಗಿತ್ತು. ಸೆರಗು ಸದಾ ಜಾರುತ್ತಿತ್ತು. ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅವರ ಮಾತು ಮುಗಿಯಿತು ಎಂದು ಅರ್ಥ. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ ಅಂದುಕೊಂಡಿದ್ದೆ. ಮೊನ್ನೆ ನನ್ನ ಮದುವೆಯ ಆಲ್ಬಮ್ ತೆಗೆದು ನೋಡಿದರೆ, ನಮ್ಮ ಪಕ್ಕದಲ್ಲಿ ನಿಂತ ಅಕ್ಕೋರ ತಗ್ಗಿದ ಭುಜ ಬಲಗಡೆಯದು. ಫೋಟೊ ತಿರುಗುಮುರುಗಾಗಿ ಅಚ್ಚಾಗಿದೆಯೇನೋ ಎಂದು ನನ್ನ ಕೈಗಡಿಯಾರ ಹುಡುಕಿದೆ. ಅದು ಎಡಗೈಯಲ್ಲೇ ಇತ್ತು.

ಆದ್ದರಿಂದ ಮುಂದಿನದನ್ನು ಸ್ವಲ್ಪ ಅನುಮಾನದಿಂದಲೇ ಓದಿ. ನಾನು ಧಾರವಾಡದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವವನು. ನೆನಪು ಎಷ್ಟು ಧೈರ್ಯವಾಗಿ ಸುಳ್ಳು ಹೇಳುತ್ತದೆ ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಆದರೂ ಅಕ್ಕೋರ ವಿಷಯ ಬಂದರೆ ಆ ಪಾಠ ಮರೆತುಹೋಗುತ್ತದೆ, ಮಾತು ತಾನೇ ಮುನ್ನುಗ್ಗುತ್ತದೆ.

ಅಕ್ಕೋರು ಅಂದರೆ ನಮ್ಮ ಕಡೆ ಪಾಠ ಹೇಳುವ ಹೆಂಗಸು. ಇವರು ಹುಬ್ಬಳ್ಳಿಯ ನಮ್ಮ ಚರ್ಚಿನಲ್ಲಿ ಭಾನುವಾರದ ಸಾಲಿ ನಡೆಸುತ್ತಿದ್ದರು. ಯೇಸು ಕಲಿಸಿದ ಪ್ರಾರ್ಥನೆಯನ್ನು ನಮಗೆ ಬಾಯಿಪಾಠ ಮಾಡಿಸಿದವರು ಅವರೇ. ಅನುದಿನದ ಆಹಾರವನ್ನು ‘ಈ ಹೊತ್ತು’ ನಮಗೆ ಕೊಡು ಎಂದು ಬೇಡುವ ಸಾಲೊಂದು ಅದರಲ್ಲಿದೆ. ಈ ಹೊತ್ತು, ಅಂದರೆ ಇವತ್ತು. ನನ್ನ ಕಿವಿಗೆ ಮಾತ್ರ ಅದು ಬೇರೆಯಾಗಿ ಬಿದ್ದಿತ್ತು: ದೇವರು ಆಹಾರವನ್ನು ಹೊತ್ತು ತಂದುಕೊಡುತ್ತಾನೆ. ದುರ್ಗದಬೈಲಿನ ಪೇಟೆಯಲ್ಲಿ ಬುಟ್ಟಿ ಹೊತ್ತು ಬರುವವರನ್ನು ದಿನಾ ನೋಡುತ್ತಿದ್ದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಒಂದು ಸಣ್ಣ ಅನುಮಾನವಿತ್ತು ಅಷ್ಟೆ, ಕೇಳಿಬಿಟ್ಟೆ.

“ಅಕ್ಕೋರ, ದೇವರು ಬುಟ್ಟಿ ತಲಿಮ್ಯಾಲ ಹೊರತಾನೋ, ಹೆಗಲಮ್ಯಾಲೋ?”

ಸಾಲಿಯೆಲ್ಲ ನಕ್ಕಿತು. ಅಕ್ಕೋರು ನಗಲಿಲ್ಲ. ಸ್ವಲ್ಪ ಯೋಚಿಸಿ, “ಭಾರ ಭಾಳ ಇದ್ದರ ತಲಿಮ್ಯಾಲ,” ಅಂದರು. ಸೆರಗು ಸಿಕ್ಕಿಸಿಕೊಂಡರು.

ಎಂ.ಎ. ಓದುವ ಕಾಲಕ್ಕೆ ನಾನು ಚರ್ಚು ಬಿಟ್ಟಿದ್ದೆ, ವಾದ ಮಾಡುವುದನ್ನು ಬಿಟ್ಟಿರಲಿಲ್ಲ. ಅವರ ಮನೆಗೇ ಹೋಗಿ, “ಅವತ್ತ ನೀವು ನನಗ ಸುಳ್ಳ ಕಲಿಸಿದ್ರಿ,” ಅಂದೆ.

“ನಾ ಸುಳ್ಳ ಕಲಿಸ್ಲಿಲ್ಲಪಾ. ನೀ ತಪ್ಪ ಕೇಳಿದಿ. ಆದ್ರ ಛಲೋ ಕೇಳಿದಿ, ಅದಕ್ಕ ಬಿಟ್ಟೆ.”

ಮುಂದೆ ಮದುವೆಯಾಗಿ ನಾವು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮಹಡಿಯ ಮನೆ ಹಿಡಿದೆವು. ಕೆಳಮನೆಯಲ್ಲಿ ಇದೇ ಅಕ್ಕೋರು. ಅವರ ಯಜಮಾನರು ಪಾರ್ಶ್ವವಾಯು ಬಡಿದು ವರ್ಷಗಟ್ಟಲೆ ಹಾಸಿಗೆಯಲ್ಲಿದ್ದರು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹಾರ್ಮೋನಿಯಂನಲ್ಲಿ ಒಂದು ಕೀರ್ತನೆ ಆಗಬೇಕು. ಆಮೇಲೆ ಪ್ರಾರ್ಥನೆ. ಪಕ್ಕದ ಕೋಣೆಯಲ್ಲಿ ಕಿವಿ ಮಂದವಾದವರು ಯಾರೋ ಕೂತಿದ್ದಾರೆ ಎನ್ನುವಷ್ಟು ಗಟ್ಟಿ ದನಿ: “ಇವತ್ತ ಇವರನ್ನ ಎಬ್ಬಿಸಿ ಕುಂಡರಸಾಕ ಶಕ್ತಿ ಕೊಡಪಾ. ನಾಳಿಂದು ನಾಳಿ ಕೇಳತೀನಿ.”

“ಒಮ್ಮೆಲೆ ವರ್ಷದ್ದು ಕೇಳಬಾರದೇನ್ರಿ?” ಎಂದು ಛೇಡಿಸಿದ್ದೆ.

“ಕೇಳಬಹುದು. ಅಂವಾ ಕೊಟ್ಟುಬಿಟ್ರ ಎಲ್ಲಿ ಇಟಗೊಳ್ಳಲಿ? ಮನ್ಯಾಗ ಜಾಗಾ ಎಲ್ಲೈತಿ?”

ನಳದ ನೀರು ಬಂದ ದಿನ ಕೊಡ, ಬಕೆಟ್ಟು, ಸಾರಿನ ಪಾತ್ರೆಯನ್ನೂ ಬಿಡದೆ ವಾರಕ್ಕಾಗುವಷ್ಟು ತುಂಬಿಡುವ ಊರು ನಮ್ಮದು. ಆ ಊರಿನಲ್ಲಿ ಈ ಹೆಂಗಸು ಶಕ್ತಿಯನ್ನು ಮಾತ್ರ ಅವತ್ತಿನದು ಅವತ್ತೇ ಹಿಡಿಯುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೂ ಆ ಕೀರ್ತನೆ ನಿಲ್ಲಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಬಸುರಿಯಾದಳು. ಹಿಂದೆ ಎರಡು ಸಲ ನಿಂತಿರಲಿಲ್ಲ. ಈ ಸಲ ಡಾಕ್ಟರು, ಒಂಬತ್ತು ತುಂಬುವವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಕೂಸು ಉಳಿಯುತ್ತದೋ ಇಲ್ಲವೋ ಎಂಬುದೊಂದೇ ನಮ್ಮ ಮನೆಯ ಉಸಿರಾಯಿತು. ಉಳಿದದ್ದೆಲ್ಲ ಅದಕ್ಕೆ ಜೋತುಬಿತ್ತು. ಧಾರವಾಡದ ಬಸ್ಸು, ಪರೀಕ್ಷೆಯ ಪೇಪರು, ಕೆಲಸದವಳ ರಜೆ, ಎಲ್ಲವೂ ಕೂಸಿನ ಮೇಲೆ ಸಂಚು ಮಾಡಿದಂತೆ ಕಾಣುತ್ತಿತ್ತು.

ಒಂದು ಬೆಳಿಗ್ಗೆ ನೀರು ಬಂತು, ಪಂಪು ಕೆಟ್ಟಿತು, ಗ್ಯಾಸು ಮುಗಿಯಿತು. ಕೈಯಲ್ಲಿ ಖಾಲಿ ಕೊಡ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. (ಅವತ್ತು ನೀರು ಬರುವ ದಿನವೇ ಅಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಕೊಡದ ತಣ್ಣನೆಯ ಅಂಚು ಮಾತ್ರ ನನ್ನ ಕೈಗೆ ಇನ್ನೂ ನೆನಪಿದೆ.)

ಅಕ್ಕೋರು ಹೊರಗೆ ಬಂದರು. “ಏನ ಮಾಡಾಕತ್ತೀಯೋ ಪ್ರೊಫೆಸರಾ?”

“ಕೂತೇನ್ರಿ.”

“ಅದು ಕಾಣಸ್ತದ. ಹೆರಿಗಿ ಇವತ್ತೈತೇನು?”

“ಇಲ್ರಿ.”

“ಮತ್ತ ಅದನ್ನ ಇವತ್ತ ಯಾಕ ಹೊರಾಕತ್ತಿ? ಕೊಡಾ ಹೊರು. ಇವತ್ತಿಂದು ಅದು.”

ನನ್ನನ್ನು ನಳಕ್ಕೆ ಅಟ್ಟಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು. ನಾನು ಕೊಡ ತುಂಬಿ ತರುವಾಗ ಹೆಂಡತಿಯ ತಲೆಯ ಮೇಲೆ ಅವರ ಕೈಯಿತ್ತು, ಪ್ರಾರ್ಥನೆ ಮುಗಿಯುತ್ತಿತ್ತು. ಸಂಜೆಯವರೆಗೆ ಈ ಕೂಸನ್ನು ಹಿಡಿದಿರು, ಇಷ್ಟೇ ಅದರ ಸಾರ. ಆಮೆನ್ ಅಂದಮೇಲೆ ಕಣ್ಣು ತೆರೆದು ಕೇಳಿದರು, “ಏನವಾ, ಈ ಹೊತ್ತು?”

ಇವತ್ತು ಒಂದು ದಿನ ಆದೀತಲ್ಲ ಎಂದು ಅವರ ಪ್ರಶ್ನೆ. ನನ್ನ ತಪ್ಪು ಕೇಳುವಿಕೆಯ ಕಥೆ ಗೊತ್ತಿದ್ದ ನನ್ನ ಹೆಂಡತಿ, ವಾರಗಳಿಂದ ನಗದೇ ಇದ್ದವಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಂದಳು:

“ಹೊತ್ತೇನ್ರಿ, ಅಕ್ಕೋರ.”

ಅಕ್ಕೋರು ನಕ್ಕ ನಗೆಗೆ ಎದುರು ಮನೆಯ ಅರಿವೆ ಅಂಗಡಿ ಕಾಕಾ ಬಾಗಿಲಿಗೆ ಬಂದರು.

ಮರುದಿನದಿಂದ ಅದೇ ನಮ್ಮ ಬೆಳಗು. ಕೀರ್ತನೆ ಮುಗಿದೊಡನೆ ಅಂಗಳದಿಂದ “ಈ ಹೊತ್ತು?” ಮೇಲೆ ಹಾಸಿಗೆಯಿಂದಲೇ, ತೆರೆದ ಕಿಟಕಿಯಾಚೆಗೆ, “ಹೊತ್ತೇನ್ರಿ.” ಇದನ್ನು ಬರೆಯುವಾಗಲೂ ನನ್ನ ಕೈ ಅವಸರ ಮಾಡುತ್ತಿದೆ. ಓಣಿಗೆ ಓಣಿಯೇ ಆ ಉತ್ತರಕ್ಕೆ ಕಾಯತೊಡಗಿತು. ವಿಭೂತಿ ಹಚ್ಚಿಕೊಂಡು ಅಂಗಡಿಗೆ ಹೊರಟ ಕಾಕಾ ಸ್ಕೂಟರ್ ಚಾಲೂ ಮಾಡದೆ ನಿಲ್ಲುತ್ತಿದ್ದರು. ಒಂದು ದಿನ ಉತ್ತರ ತಡವಾಯಿತೆಂದು, “ಪ್ರೊಫೆಸರ್ರ, ಲಗೂ ಹೇಳಸ್ರಿ, ಅಂಗಡಿ ತೆಗಿಬೇಕು ನಾನು,” ಅಂದರು. ಏಳು ತುಂಬಿತು, ಎಂಟು ಹಿಡಿಯಿತು. ನನಗೆ ಬಸ್ಸಿನಲ್ಲಿ ಕೂತಲ್ಲೇ ನಗು ಬರುತ್ತಿತ್ತು.

ಆದರೂ ಸುಮ್ಮನಿರಲಿಲ್ಲ. “ದೊಡ್ಡ ಆತಂಕಾನ ದಿನಾ ಒಂದೊಂದ ತುಂಡು ಮಾಡಿ ನುಂಗೋದ್ರಿ ಇದು. ನಮ್ಮ ಶಾಸ್ತ್ರದಾಗ ಇದಕ್ಕೊಂದು ಹೆಸರೈತಿ,” ಅಂದೆ.

“ಇರಲಿ, ಹೆಸರು ನೀವು ಇಡ್ರಿ. ತುಂಡು ಮಾಡಾಂವ ಬ್ಯಾರೆ ಇದ್ದಾನ.”

ಒಂಬತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಕೀರ್ತನೆ ಕೇಳಲಿಲ್ಲ. ಕೂಗೂ ಬರಲಿಲ್ಲ. ನನ್ನ ಹೆಂಡತಿ ಬಾಗಿಲನ್ನೇ ನೋಡುತ್ತ ಮಲಗಿದ್ದಳು. ಆಮೇಲೆ, ನಾನು ತಡೆಯುವುದರೊಳಗೆ, ಎದ್ದು ಕಿಟಕಿಗೆ ಹೋಗಿ ಕಂಬಿ ಹಿಡಿದು ತಾನೇ ಕೂಗಿದಳು.

“ಅಕ್ಕೋರ, ಈ ಹೊತ್ತು?”

ಎದುರಿಗೆ ಕಾಕಾ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಕೆಳಮನೆಯ ಒಳಗಿನಿಂದ, ನೂಲಿನಷ್ಟು ಸಣ್ಣಗೆ: “ಹೊತ್ತೇನವಾ.”

ಓಡಿದೆ. ಅಕ್ಕೋರು ಮಂಚದ ಅಂಚಿಗೆ ಕೂತಿದ್ದರು, ಎದೆ ಏರಿಳಿಯುತ್ತಿತ್ತು. ಎದ್ದಾಗ ಉಸಿರು ಸಿಗಲಿಲ್ಲವಂತೆ, ಅಂಜಿಕೆಯಾಯಿತಂತೆ, ಪ್ರಾರ್ಥನೆಯ ಮಾತೂ ಬಾಯಿಗೆ ಬರಲಿಲ್ಲವಂತೆ.

“ಇಷ್ಟ ದಿನಾ ನಾನ ಕೇಳೀನಿ. ನನಗೂ ಯಾರರ ಕೇಳಬೇಕಲ್ಲೋ,” ಅಂದರು. “ಇವತ್ತ ಆಕಿ ಬಾಯಿಲೆ ಅಂವಾ ಕೇಳಿದಾ.”

ನಾನೂ ಕಾಕಾನೂ ಅವರನ್ನು ಡಾಕ್ಟರಲ್ಲಿಗೆ ಕರೆದೊಯ್ದೆವು. ಹೃದಯ ಸೋತಿದೆ, ಗುಳಿಗೆಯ ಮೇಲೆ ಸಾಗಬೇಕು ಎಂದರು.

ಆ ಗುಳಿಗೆಗಳು ಶುರುವಾದ ವಾರದಲ್ಲೇ ನನ್ನ ಹೆಂಡತಿಗೆ ಬೇನೆ ಬಂತು. ನಡು ಮಧ್ಯಾಹ್ನ. ಆಟೊದಲ್ಲಿ ನಮಗಿಂತ ಮೊದಲು ಹತ್ತಿ ಕೂತವರು ಅಕ್ಕೋರು. ಬೇಡವೆಂದರೆ ಕೇಳಿದರೆ ತಾನೆ? “ತಮ್ಮಾ, ತಗ್ಗು ನೋಡಿ ಹೊಡಿ, ಒಳಗ ಇಬ್ಬರಲ್ಲ, ಮೂರ ಹೆಣ್ಣ ಅದಾವು,” ಎಂದು ಡ್ರೈವರನಿಗೆ ತಾಕೀತು ಮಾಡಿದರು. ಕೂಸು ಹೆಣ್ಣೆಂದು ಅವರಿಗೆ ಯಾರು ಹೇಳಿದ್ದರೋ. ಅಥವಾ ಅವರು ಹಾಗೆ ಹೇಳಲೇ ಇಲ್ಲ, ಆಮೇಲೆ ನಾನು ಸೇರಿಸಿದೆನೋ. ಆ ಆಟೊದಲ್ಲಿ ನನ್ನ ತುಟಿ ಹಳೆಯ ಪ್ರಾರ್ಥನೆಯನ್ನು ಹೇಳುತ್ತಿದ್ದದ್ದು ಮಾತ್ರ ಖರೇ. ‘ಈ ಹೊತ್ತು’ವರೆಗೆ ಬಂದು ಅಲ್ಲೇ ಸುತ್ತುತ್ತಿತ್ತು, ಮುಂದೆ ಹೋಗಲಿಲ್ಲ.

ಮಗಳು ಹುಟ್ಟಿದಳು. ಗಟ್ಟಿ ಅತ್ತಳು. ಅಕ್ಕೋರು ಅವಳನ್ನು ಭುಜಕ್ಕೆ ಹಾಕಿಕೊಂಡು, “ಹಾರ್ಮೋನಿಯಂಕಿಂತ ಹಗುರ, ದನಿ ಮಾತ್ರ ಅದಕಿಂತ ಜೋರು,” ಅಂದರು.

ಮಗಳು ಮಾತು ಕಲಿಯುವವರೆಗೆ ಅವರಿದ್ದರು. ಒಂದು ಬೆಳಿಗ್ಗೆ, ಕೀರ್ತನೆ ಮುಗಿಸಿ ಹಾರ್ಮೋನಿಯಂನ ಮೇಲೆ ಕೈ ಇಟ್ಟುಕೊಂಡೇ, ಹೋಗಿಬಿಟ್ಟರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕಾಕಾ ಇದ್ದರು, ನಾನಿದ್ದೆ. ನಾನು ಹಿಡಿದದ್ದು ಎಡಭುಜದಲ್ಲಿ. ವಾರವೆಲ್ಲ ಅದು ನೋಯಿತು, ಇಳಿಬಿದ್ದಂತೆ ಅನಿಸುತ್ತಿತ್ತು. ಅಕ್ಕೋರ ತಗ್ಗಿದ ಭುಜವನ್ನು ನನ್ನ ನೆನಪು ಬಲದಿಂದ ಎಡಕ್ಕೆ ತಂದದ್ದು ಆಗಲೇ ಇರಬೇಕು.

ಈಗ ಬೆಳಿಗ್ಗೆ ಮಗಳು ಆ ಭುಜ ಹತ್ತಿ, ನನ್ನ ಕೂದಲು ಹಿಡಿದು, ಕಿಟಕಿಯಿಂದ ಖಾಲಿ ಅಂಗಳಕ್ಕೆ “ಈ ಹೊತ್ತು?” ಎಂದು ಕೂಗುತ್ತಾಳೆ. ಎದುರಿಗೆ ಕಾಕಾ ಸ್ಕೂಟರ್ ಚಾಲೂ ಮಾಡದೆ ನಿಂತಿರುತ್ತಾರೆ. ಉತ್ತರಿಸುವ ಪಾಳಿ ನನ್ನದು.

“ಹೊತ್ತೇನವಾ,” ಅನ್ನುತ್ತೇನೆ.